ಡಬ್ಬಿಯ ಮೇಲೆ ಹದಿನಾಲ್ಕು

ಅರ್ಧ ಮುಗಿದ ರೋಲನ್ನು ಕ್ಯಾಮೆರಾದಿಂದ ಹೊರಗೆ ತೆಗೆಯಲು ಕಣ್ಣಿಗಿಂತ ಕಿವಿ ಬೇಕು. ತಳದ ಗುಂಡಿ ಒತ್ತಿ, ಮೇಲಿನ ಪುಟ್ಟ ಹಿಡಿಕೆ ಬಿಡಿಸಿ, ಫಿಲ್ಮನ್ನು ಅದರ ಡಬ್ಬಿಯೊಳಕ್ಕೆ ಮೆಲ್ಲಗೆ ಹಿಂದಕ್ಕೆ ಸುತ್ತುತ್ತ ಹೋಗಬೇಕು. ಕ್ಯಾಮೆರಾ ಕಿವಿಗೆ ಹತ್ತಿಕೊಂಡಿರಬೇಕು. ಫಿಲ್ಮಿನ ತುದಿ ಆಚೆ ಬದಿಯ ಉರುಳೆಯಿಂದ ಕಳಚುವಾಗ ಟಕ್ ಎಂದು ಸಣ್ಣ ಸಪ್ಪಳವಾಗಿ ಹಿಡಿಕೆ ಹಗುರಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಫಿಲ್ಮಿನ ನಾಲಿಗೆ ಎರಡು ಬೆರಳಷ್ಟು ಹೊರಗೆ ಉಳಿಯುತ್ತದೆ. ಅದೇ ರೋಲನ್ನು ಮತ್ತೆ ಹಾಕುವಾಗ ಲೆನ್ಸಿಗೆ ಮುಚ್ಚಳ ಹಾಕಿ, ಷಟರನ್ನು ಎಲ್ಲಕ್ಕಿಂತ ಹೆಚ್ಚಿನ ವೇಗಕ್ಕೆ ಇಟ್ಟು, ಈಗಾಗಲೇ ತೆಗೆದಷ್ಟು ಫೋಟೋಗಳನ್ನು ಕತ್ತಲಲ್ಲೇ ಕ್ಲಿಕ್ಕಿಸುತ್ತ ದಾಟಬೇಕು. ಅದರ ಮೇಲೆ ಇನ್ನೆರಡು ಬಿಟ್ಟು ಕೆಲಸ ಶುರು ಮಾಡಬೇಕು. ಇಷ್ಟೆಲ್ಲ ತಿಳಿದವನ ಕೈಯಿಂದಲೇ ಆ ತಪ್ಪಾಯಿತು. ತಿಳಿಯದವನಾಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ರೋಲಿನ ಕಾಲ ಮುಗಿಯುತ್ತ ಬಂದಿದ್ದ ವರ್ಷಗಳವು. ಶಹಾಬಾದಿನ ನನ್ನ ಸ್ಟುಡಿಯೋದಲ್ಲಿ ಎರಡು ಕ್ಯಾಮೆರಾ ಇದ್ದವು, ಒಂದು ರಿಪೇರಿಗೆಂದು ಹೈದರಾಬಾದಿಗೆ ಹೋಗಿ ಅಲ್ಲೇ ಕೂತಿತ್ತು. ಇದ್ದ ಒಂದರಲ್ಲೇ ಮದುವೆ, ಪಾಸ್‌ಪೋರ್ಟ್ ಫೋಟೋ, ಶಾಲೆಯ ಗುಂಪು ಫೋಟೋ ಎಲ್ಲ ನಡೆಯಬೇಕು. ನಮ್ಮ ಕಡೆಯ ರಿವಾಜು ಏನೆಂದರೆ, ಕಾರ್ಯ ಇದ್ದ ಮನೆಯವರು ರೋಲನ್ನು ತಾವೇ ಕೊಂಡು ತಂದು ಫೋಟೋದವನ ಕೈಗೆ ಕೊಡುತ್ತಿದ್ದರು. ಕಾರ್ಯ ಮುಗಿದು ಫಿಲ್ಮು ಉಳಿದರೆ ಅದು ಆ ಮನೆಯದೇ. ಮುಂದೆ ಸೀಮಂತವೋ ಕೂಸಿನ ಜವಳವೋ ಬಂದಾಗ ಅದರಲ್ಲೇ ತೆಗೆಯಬೇಕು. ಹಾಗಾಗಿ ನಾನು ಆಗಾಗ ರೋಲು ಬದಲಿಸುತ್ತಲೇ ಇರಬೇಕಾಗಿತ್ತು. ತೆಗೆದ ಪ್ರತಿ ರೋಲಿನ ಡಬ್ಬಿಗೂ ನನ್ನ ಹೆಂಡತಿ ಒಂದು ಚೀಟಿ ಅಂಟಿಸುತ್ತಿದ್ದಳು. ಮೇಲೆ ಊರಿನ ಹೆಸರು, ಕೆಳಗೆ ಉಳಿದದ್ದು ಎಷ್ಟು ಎಂಬ ಅಂಕಿ. ಮನೆಯವರು ಕೇಳುವುದು ಅದನ್ನೊಂದೇ, ಇನ್ನಾ ಎಷ್ಟು ಉಳಿದಾವ್ರಿ ಅಂತ. ಮೂವತ್ತಾರರಲ್ಲಿ ಅದನ್ನು ಕಳೆದರೆ ಎಷ್ಟು ದಾಟಬೇಕೆಂಬುದು ನನಗೆ ಸಿಗುತ್ತಿತ್ತು. ಶಾಲೆಯ ಒಂದನೇ ಇಯತ್ತೆಯ ಲೆಕ್ಕ.

ಮನೆಯವರ ಉಳಿದ ಫಿಲ್ಮಿನಲ್ಲಿ ಒಂದೆರಡನ್ನು ನಮ್ಮ ಕೆಲಸಕ್ಕೆ ಹೊಡೆದುಕೊಂಡು, ಕೊನೆಗೆ ಖಾಲಿ ಬಂದಾವ್ರಿ ಎಂದು ಹೇಳುವುದು ಈ ಧಂದೆಯಲ್ಲಿ ಇತ್ತು. ನಾನೂ ಮಾಡಿದ್ದೆ. ಹಾಲಿನವನು ನೀರು ಬೆರೆಸುವುದನ್ನು ಬೈಯುತ್ತಲೇ ಮಾಡಿದ್ದೆ.

ಆ ರೋಲು ಚಿತ್ತಾಪುರದ ಒಂದು ಮನೆಯದು. ಮನೆಯ ಸೊಸೆಗೆ ಇಬ್ಬರು ಗಂಡುಮಕ್ಕಳ ಮೇಲೆ ಮೂರನೆಯದು ಹೆಣ್ಣಾಗಿತ್ತು. ಗಂಡನ ಅಣ್ಣ ಸೊಲ್ಲಾಪುರದಲ್ಲಿದ್ದ, ಅವನಿಗೂ ಹೆಂಡತಿಗೂ ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿರಲಿಲ್ಲ. ಹುಟ್ಟುವ ಮೊದಲೇ ಮಾತಾಗಿತ್ತು, ಈ ಕೂಸು ಅವರಿಗೆ ಎಂದು. ತೊಟ್ಟಿಲು ಕಾರ್ಯದ ದಿನ ಮೂರು ತಿಂಗಳ ಕೂಸನ್ನು ನೆಗೆಣ್ಣಿಯ, ಆ ಅಣ್ಣನ ಹೆಂಡತಿಯ, ಉಡಿಯಲ್ಲಿ ಹಾಕುವುದು, ಆಕೆ ಹದಿನೈದು ದಿನ ಅಲ್ಲೇ ಇದ್ದು ಕೂಸಿಗೆ ತನ್ನ ರೂಢಿ ಮಾಡಿಸಿಕೊಂಡು ಕರೆದೊಯ್ಯುವುದು. ಸೊಲ್ಲಾಪುರಕ್ಕೆ ಹೋದ ದಿನದಿಂದ ಹೆತ್ತವಳು ಅದಕ್ಕೆ ಕಾಕು, ಚಿಕ್ಕಮ್ಮ ಮಾತ್ರ. ಕೂಸಿಗೆ ಯಾರೂ ಎಂದೂ ಹೇಳಬಾರದು. ಇದನ್ನೆಲ್ಲ ನನಗೆ ಅಡುಗೆಯವನು ಹೇಳಿದ, ಮನೆಯವರಲ್ಲ.

ಕಾರ್ಯದಲ್ಲಿ ಹದಿನಾರು ಫೋಟೋ ತೆಗೆದೆ. ತೊಟ್ಟಿಲು, ಹಿರಿಯರು, ನೆಗೆಣ್ಣಿಯ ಉಡಿಯಲ್ಲಿ ಕೂಸು. ಮಂದಿ ಊಟಕ್ಕೆ ಕೂತಾಗ ಹೆತ್ತ ತಾಯಿ ನನ್ನನ್ನು ಒಳಗಿನ ಕೋಣೆಗೆ ಕರೆದಳು. ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಬಿದ್ದಿತ್ತು. ಫ್ಲ್ಯಾಶ್ ಹಾಕಬೇಡಿರಿ, ಮಂದಿ ನೋಡುತ್ತಾರೆ ಎಂದಳು.

"ಭಾಯಿ, ಇವು ನನಗಷ್ಟೇ ರಿ. ಅಲ್ಬಮ್‌ನ್ಯಾಗ ಹಚ್ಚಬ್ಯಾಡ್ರಿ. ಬ್ಯಾರೆ ಪಾಕೀಟಿನ್ಯಾಗ ಹಾಕಿ ನನ್ನ ಕೈಯಾಗ ಕೊಡ್ರಿ."

ಗೋಡೆಗೆ ಮೊಣಕೈ ಊರಿ, ಉಸಿರು ಹಿಡಿದು, ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗದಲ್ಲಿ ಆರು ತೆಗೆದೆ. ಒಮ್ಮೆಯೂ ಆಕೆ ಕ್ಯಾಮೆರಾ ನೋಡಲಿಲ್ಲ. ಮೊದಲನೆಯದರಲ್ಲಿ ಕೂಸಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಕೊನೆಯದರಲ್ಲಿ ಕೂಸಿನ ಕುಂಚಿಗೆಯೊಳಗೆ ಮೂಗು ಇಟ್ಟುಕೊಂಡಿದ್ದಳು. ಅಲ್ಲಿಗೆ ಇಪ್ಪತ್ತೆರಡಾಯಿತು. ಉಳಿದದ್ದನ್ನು ವಾಡಿ ಸ್ಟೇಷನ್ನಿನಲ್ಲಿ ಕೂಸನ್ನು ಕಳಿಸುವ ದಿನಕ್ಕೆ ಇಡಿರಿ ಎಂದು ಮನೆಯವರು ಹೇಳಿದರು. ಮನೆಗೆ ಬಂದು ರೋಲು ಇಳಿಸಿದೆ. ಹೆಂಡತಿ ಚೀಟಿ ಬರೆದಳು. ಚಿತ್ತಾಪುರ, ಹದಿನಾಲ್ಕು.

ನಾಲ್ಕನೆಯ ದಿನ ಚಿಂಚೋಳಿ ಕಡೆಯ ಒಂದು ಫರಸಿ ಕಲ್ಲಿನ ಖಣಿಯಲ್ಲಿ ಕೆಲಸವಿತ್ತು. ಕಲ್ಲು ಒಡೆಯುವ ಕೂಲಿಗಳಿಗೆ ಗುರುತಿನ ಕಾರ್ಡು ಮಾಡಿಸಬೇಕು, ತಲೆಗೊಂದು ಫೋಟೋ. ಗುತ್ತೇದಾರ ಮೂವತ್ತೈದು ಮಂದಿ ಎಂದಿದ್ದ, ಒಂದು ರೋಲು ಒಯ್ದಿದ್ದೆ. ಹೋಗಿ ನೋಡಿದರೆ ಐವತ್ತಾರು ಮಂದಿ ಸಾಲು ಹಚ್ಚಿ ನಿಂತಿದ್ದರು. ಎರಡು ಬಿದಿರಿಗೆ ಬಿಳಿ ಚಾದರ ಕಟ್ಟಿಸಿ, ಒಬ್ಬೊಬ್ಬರನ್ನೇ ಕಲ್ಲಿನ ಮೇಲೆ ಕೂರಿಸಿ ತೆಗೆಯುತ್ತ ಹೋದೆ. ಮೂವತ್ತಾರಕ್ಕೆ ರೋಲು ಮುಗಿಯಿತು. ಇಪ್ಪತ್ತು ಮಂದಿ ಉಳಿದರು.

ರೋಲು ಮುಗಿಯಿತು ಎಂದು ಹೇಳಿದ್ದರೆ ಆಗುತ್ತಿತ್ತು. ಗುತ್ತೇದಾರ ಯಾರನ್ನಾದರೂ ಮೋಟರ್‌ಸೈಕಲ್ಲಿನ ಮೇಲೆ ಸೇಡಂಗೆ ಕಳಿಸುತ್ತಿದ್ದ, ಮೂರು ಗಂಟೆಗೆ ರೋಲು ಬರುತ್ತಿತ್ತು. ಆದರೆ ಅಷ್ಟು ಮಂದಿಯ ಮುಂದೆ ಫೋಟೋದವನೇ ರೋಲಿಲ್ಲ ಎನ್ನುವುದು ಹೇಗೆ? ನನ್ನ ಕೈ ಚೀಲಕ್ಕೆ ಹೋಯಿತು. ಒಳಗೆ ಚಿತ್ತಾಪುರದ ಡಬ್ಬಿ ಇತ್ತು. ಒಂದೇ ಕ್ಯಾಮೆರಾ ಆದ್ದರಿಂದ ಅರ್ಧ ರೋಲುಗಳೆಲ್ಲ ನನ್ನ ಜೊತೆಗೇ ತಿರುಗುತ್ತಿದ್ದವು. ಚೀಟಿ ನೋಡಿದೆ, ಹದಿನಾಲ್ಕು.

ಈ ಜಾಗವನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಹದಿನಾಲ್ಕು ಎಂದರೆ ಉಳಿದದ್ದು, ಅದರಲ್ಲಿ ಎರಡು ಬಿಟ್ಟರೆ ಹನ್ನೆರಡೇ, ಇಪ್ಪತ್ತು ಮಂದಿಗೆ ಸಾಲದು. ಹದಿನಾಲ್ಕು ಎಂದರೆ ಮುಗಿದದ್ದು ಎಂದುಕೊಂಡರೆ, ಎರಡು ಬಿಟ್ಟು ಸರಿಯಾಗಿ ಇಪ್ಪತ್ತು ಸಿಗುತ್ತವೆ. ನನಗೆ ಬೇಕಾಗಿದ್ದದ್ದು ಇಪ್ಪತ್ತು. ವರ್ಷಗಟ್ಟಲೆ ಉಳಿದದ್ದು ಎಂದೇ ಓದಿದ ಅಂಕಿಯನ್ನು ಆ ದಿನ ಮುಗಿದದ್ದು ಎಂದು ಓದಿದೆ. ಅವಸರದಲ್ಲಿ ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳುವುದಿಲ್ಲ. ಕದಿಯಲು ಹೋದವನಿಗೆ ಲೆಕ್ಕ ತನಗೆ ಬೇಕಾದ ಹಾಗೆ ಕಾಣುತ್ತದೆ. ಮನೆಯವರಿಗೆ ಹೊಸ ರೋಲು ಹಾಕಿ ಸರಿ ಮಾಡಿದರಾಯಿತು ಎಂದುಕೊಂಡು ಮುಚ್ಚಳ ಹಾಕಿ ಹದಿನಾರು ಸಲ ಕ್ಲಿಕ್ಕಿಸಿದೆ. ಹದಿನೇಳರಿಂದ ಕೆಲಸ ಶುರು ಮಾಡಿದೆ. ಆ ತಾಯಿಯ ಮೊದಲನೆಯ ಫೋಟೋ ಹದಿನೇಳನೆಯದು.

ಎರಡು ದಿನ ಬಿಟ್ಟು ಕಲಬುರಗಿಯ ಲ್ಯಾಬಿಗೆ ಹೋದೆ. ಡಬ್ಬಿ ಕೊಡುವ ಮೊದಲು ಚೀಟಿ ಕಿತ್ತು ಜೇಬಿನಲ್ಲಿಟ್ಟುಕೊಂಡೆ. ತೊಳೆದ ಫಿಲ್ಮನ್ನು ಲ್ಯಾಬಿನವರು ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿ, ಭೂತಗನ್ನಡಿ ನನ್ನ ಕಡೆ ಸರಿಸಿದರು. ಹದಿನಾರರವರೆಗೆ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಆರು ಚೌಕಗಳಲ್ಲಿ ಎರಡೆರಡು ಚಿತ್ರ. ಬಿಸಿಲಿಗೆ ಹಿಡಿದ ಬಿಳಿ ಚಾದರದ ಬೆಳಕು ಕೋಣೆಯ ಮಬ್ಬು ಬೆಳಕಿನ ಚಿತ್ರವನ್ನು ಪೂರಾ ನುಂಗಿಬಿಟ್ಟಿತ್ತು. ಕೂಲಿಯವನೊಬ್ಬನ ಕರಿ ಗಡ್ಡದೊಳಗೆ ಮಾತ್ರ ಕುಂಚಿಗೆಯ ಅಂಚು ಕಾಣುತ್ತಿತ್ತು, ಇನ್ನೊಬ್ಬನ ತಲೆಗೂದಲಿನಲ್ಲಿ ಒಂದು ಸಣ್ಣ ಮುಷ್ಟಿ. ನನಗೆ ಕುಂಡ್ರಲು ಸ್ಟೂಲು ಕೊಟ್ಟರು.

ಆರು ಕೂಲಿಗಳ ಫೋಟೋ ಕೂಡ ಕೆಟ್ಟಿದ್ದವು. ಮರುದಿನ ಬೆಳಿಗ್ಗೆಯೇ ಹೊಸ ರೋಲು ಹಾಕಿಕೊಂಡು ಖಣಿಗೆ ಓಡಿದೆ. ಫೋಟೋದಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದೀರಿ ಎಂದು ಹೇಳಿ ಮತ್ತೆ ಕೂರಿಸಿದೆ. ಆ ಗಡ್ಡದವನು ಕಲ್ಲಿನ ಮೇಲೆ ಕೂರುತ್ತ ಕೇಳಿದ, "ಆರೂ ಮಂದಿ ಕೂಡೇ ಕಣ್ಣ ಮುಚ್ಚೀವೇನ್ರಿ?" ಎಲ್ಲರೂ ನಕ್ಕರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ನಾಚಿಕೆಯ ಮಾತೆಂದರೆ ಇದು. ಗುತ್ತೇದಾರ ಬೈಯುತ್ತಾನೆಂದು ಮರುದಿನವೇ ಅಷ್ಟು ದೂರ ಹೋದೆ. ಕೂಸು ಇನ್ನೂ ಚಿತ್ತಾಪುರದಲ್ಲೇ ಇತ್ತು. ಹೋಗಿ ಖರೆ ಹೇಳಿ ಕ್ಯಾಮೆರಾ ಎತ್ತಿದ್ದರೆ ಅದೇ ಬೆಳಕಿಂಡಿ, ಅದೇ ತಾಯಿ, ಅದೇ ಕೂಸು. ಅದಕ್ಕೂ ಹತ್ತು ನಿಮಿಷ ಸಾಕಿತ್ತು. ಖಣಿಯಿಂದ ತಿರುಗಿ ಬರುವಾಗ ಸೇಡಂನಿಂದ ನಾನು ಹತ್ತಿದ ಬಸ್ಸು ಚಿತ್ತಾಪುರದ ಸ್ಟ್ಯಾಂಡಿನಲ್ಲಿ ನಿಂತಿತು. ಡ್ರೈವರ್ ಇಳಿದು ಚಹಾ ಕುಡಿದು ಬಂದ. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದೆ. ಬಸ್ಸು ಬಿಟ್ಟಿತು.

ಹೆಂಡತಿ ಫಿಲ್ಮು ನೋಡಿದಳು. ಚೀಟಿಯಲ್ಲಿ ತಾನು ಬರೆದದ್ದು ಸರಿ ಇತ್ತಲ್ಲ ಎಂದು ಮೊದಲು ಕೇಳಿದಳು, ಸರಿ ಇತ್ತು ಎಂದೆ. ಇನ್ನೂ ವೇಳೆ ಇದೆ, ಹೋಗಿ ಹೇಳಿ ಬನ್ನಿ ಎಂದಳು. ಮೂರು ದಿನ ಬೆಳಿಗ್ಗೆ ನಾಷ್ಟಾ ಇಡುವಾಗ ಇವತ್ತು ಹೋಗುತ್ತೀರೋ ಎಂದು ಕೇಳಿದಳು. ನಾನು ನಾಳೆ ಎಂದೆ. ನಾಲ್ಕನೆಯ ದಿನದಿಂದ ಕೇಳುವುದನ್ನು ಬಿಟ್ಟಳು. ವಾಡಿಯಲ್ಲಿ ಒಮ್ಮೆಯಾದರೂ ತಾಯಿಯ ಕೈಗೆ ಕೂಸು ಬರದೆ ಇರದು, ಆಗ ಹಿಡಿದುಕೊಳ್ಳೋಣ ಎಂದು ನಾನು ನನ್ನ ಮನಸ್ಸಿಗೆ ಹೇಳಿಕೊಂಡಿದ್ದೆ.

ಹದಿನೈದನೆಯ ದಿನ ವಾಡಿಗೆ ಹೋಗುವ ಮುಂಚೆ ಹೊಸ ರೋಲಿನ ಡಬ್ಬಿಗೆ ಆ ಹಳೆಯ ಚೀಟಿಯನ್ನು ಗೋಂದು ಹಚ್ಚಿ ಅಂಟಿಸಿದೆ. ಯಾರಾದರೂ ಕೇಳಿದರೆ ತೋರಿಸಲು. ಯಾರೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನೆಗೆಣ್ಣಿ ಕೂಸನ್ನು ಹೊತ್ತು ನಿಂತಿದ್ದಳು, ಹೆದರಿದವಳ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆ ತಾಯಿ ಎರಡು ಹೆಜ್ಜೆ ಹಿಂದೆ ಹಾಲಿನ ಬಾಟಲಿಗಳ ಚೀಲ ಹಿಡಿದು ನಿಂತಿದ್ದಳು. ಗಾಡಿ ಬರುವ ಸೂಚನೆಯಾಯಿತು. ನಾನು ಹತ್ತಿರ ಹೋಗಿ, ಅಕ್ಕಾರ, ಜರಾ ಕೂಸಿನ್ನ ಎತ್ತಿಕೊಂಡು ನಿಂದ್ರಿ, ಒಂದು ತಗೀತೀನಿ ಎಂದೆ.

ಆಕೆ ತಲೆಯಾಡಿಸಿದಳು. "ಬ್ಯಾಡ್ರಿ ಭಾಯಿ. ನನ್ನವು ಆಗ್ಯಾವಲ್ಲ."

ಗಾಡಿ ಬಂತು, ಚೀಲವನ್ನು ಕಿಟಕಿಯೊಳಗೆ ಕೊಟ್ಟಳು. ನಾನು ಹನ್ನೆರಡು ಫೋಟೋ ತೆಗೆದೆ. ಒಂದರಲ್ಲೂ ಆಕೆಯ ಕೈಗೂ ಕೂಸಿಗೂ ನಡುವೆ ಒಂದು ಮೊಳಕ್ಕಿಂತ ಕಡಿಮೆ ಅಂತರವಿಲ್ಲ.

ಅಲ್ಬಮ್ ಒಪ್ಪಿಸಲು ಹೋದಾಗ ಮನೆಯವರೆಲ್ಲ ಸುತ್ತ ಕೂತು ನೋಡಿದರು. ಆಕೆ ಚಹಾದ ನೆಪದಲ್ಲಿ ಬಾಗಿಲಿಗೆ ಬಂದು ಕೈ ಚಾಚಿದಳು. ಲ್ಯಾಬಿನ ಮಷೀನಿನಲ್ಲಿ ಸಿಕ್ಕು ಆ ತುಂಡು ಕೆಟ್ಟಿತು ಎಂದೆ. ಆ ಲ್ಯಾಬಿನವರು ನನಗೆ ಸ್ಟೂಲು ಕೊಟ್ಟಿದ್ದರು, ಅವರ ಮೇಲೆಯೇ ಹೊರಿಸಿದೆ. ಆರೂ ಕೆಟ್ಟವೇ ಎಂದು ಕೇಳಿದಳು, ಆರೂ ಎಂದೆ. ಚಾಚಿದ ಕೈಯಲ್ಲಿ ನನ್ನ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಒಂದು ತಿಂಗಳಾಗಿರಬೇಕು, ಸೀರೆ ಕೊಳ್ಳುವ ನೆಪದಲ್ಲಿ ಶಹಾಬಾದಿಗೆ ಬಂದವಳು ಸ್ಟುಡಿಯೋಕ್ಕೆ ಬಂದಳು. ಕೆಟ್ಟಿದ್ದರೂ ಚಿಂತೆಯಿಲ್ಲ, ಆ ಫಿಲ್ಮಿನ ತುಂಡನ್ನಾದರೂ ಕೊಡಿರಿ, ಅದರ ಮೇಲೆ ಕೂಸು ಬಿದ್ದಿದೆಯಲ್ಲ ಎಂದಳು. ಲ್ಯಾಬಿನಲ್ಲಿದೆ, ತಂದುಕೊಡುತ್ತೇನೆ ಎಂದೆ. ಅದು ನನ್ನ ಮೇಜಿನ ಖಾನೆಯಲ್ಲೇ ಇತ್ತು, ಆಕೆಯ ಮೊಣಕೈಯಿಂದ ಒಂದು ಗೇಣು ದೂರದಲ್ಲಿ. ಆಕೆ ಹೋದ ಮೇಲೆ ನನ್ನ ಹೆಂಡತಿ ಪರದೆಯ ಹಿಂದಿನಿಂದ ಹೊರಗೆ ಬಂದು, ನನ್ನ ಮುಖ ನೋಡದೆ, ಕತ್ತರಿಸಿಟ್ಟ ಪಾಸ್‌ಪೋರ್ಟ್ ಫೋಟೋಗಳನ್ನು ಜೋಡಿಸತೊಡಗಿದಳು.

ಫಿಲ್ಮನ್ನು ಸುಟ್ಟು, ಸಿಗಲಿಲ್ಲ ಎಂದು ಹೇಳುವುದು ಸುಲಭವಿತ್ತು. ಕಡ್ಡಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೂ ಇದ್ದೆ. ಹಾಳು ಕೆಲಸವನ್ನು ಒಮ್ಮೆ ನೋಡೋಣವೆಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಗ ಕಂಡಿತು. ಇಳಿಸಿದ ರೋಲನ್ನು ಮತ್ತೆ ಹಾಕಿದಾಗ ಚೌಕಗಳು ಹಳೆಯ ಜಾಗಕ್ಕೆ ಕರಾರುವಾಕ್ಕಾಗಿ ಕೂರುವುದಿಲ್ಲ, ತುಸು ಸರಿಯುತ್ತವೆ. ಇಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮುಂದೆ ಸರಿದಿದ್ದವು. ಹಾಗಾಗಿ ಹದಿನೇಳನೆಯದರ ಎಡಗಡೆಯ ಒಂದು ಪಟ್ಟಿಯ ಮೇಲೆ ಎರಡನೆಯ ಚಿತ್ರ ಬಿದ್ದೇ ಇರಲಿಲ್ಲ. ಬೇರೆ ಐದರಲ್ಲಿ ಆ ಪುಣ್ಯವಿರಲಿಲ್ಲ, ಹಿಂದಿನ ಚೌಕದ ಕೂಲಿಯ ಚಾದರ ಬಂದು ಮುಚ್ಚಿತ್ತು. ಆ ಒಂದು ಪಟ್ಟಿಯಲ್ಲಿ ಒಂದು ಅಂಗೈ ಇತ್ತು, ಅಂಗೈಯಲ್ಲಿ ಒಂದು ಪಾದ.

ಲ್ಯಾಬಿಗೆ ಹೋಗಿ ಮೊದಲು ಅವರಿಗೆ ನನ್ನ ಸುಳ್ಳು ಹೇಳಿದೆ, ನಿಮ್ಮ ಮೇಲೆ ಹೊರಿಸಿದ್ದೇನೆ ಎಂದು. ಅವರು ಹೂಂ ಎಂದರು, ಅಷ್ಟೇ. ಪಟ್ಟಿಯನ್ನಷ್ಟೇ ದೊಡ್ಡದು ಮಾಡಿ ಕೊಟ್ಟರು. ಕಾಳು ಕಾಳಾಗಿ ಬಂದಿತ್ತು, ಆದರೂ ಐದು ಬೆರಳು ಎಣಿಸಬಹುದಿತ್ತು. ಅದನ್ನೂ ಫಿಲ್ಮಿನ ತುಂಡನ್ನೂ ಒಂದು ಪಾಕೀಟಿನಲ್ಲಿಟ್ಟುಕೊಂಡು ಚಿತ್ತಾಪುರದಲ್ಲಿ ಇಳಿದೆ.

ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋಗಿದ್ದ. ಪಡಸಾಲೆಯಲ್ಲಿ ಅತ್ತೆ ಮಲಗಿದ್ದಳು. ಆಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು, ನನ್ನನ್ನು ಕುಂದ್ರಿ ಎಂದಳು. ನಾನು ನಿಂತೇ ಹೇಳಿದೆ. ಖಣಿ, ಇಪ್ಪತ್ತು ಮಂದಿ, ನಿಮ್ಮ ರೋಲನ್ನು ಕದ್ದದ್ದು, ಲೆಕ್ಕ ತಪ್ಪಿದ್ದು, ಲ್ಯಾಬಿನ ತಪ್ಪೇನೂ ಇಲ್ಲದ್ದು. ಮೊರದಲ್ಲಿ ಆಕೆಯ ಕೈ ಆಡುತ್ತಲೇ ಇತ್ತು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು.

"ಯಾವತ್ತು ಗೊತ್ತಾತ್ರಿ ನಿಮಗ?"

ಇದನ್ನು ಮಾತ್ರ ಕೇಳಬಾರದಾಗಿತ್ತು. ಹೇಳಿದೆ, "ವಾಡಿಗೆ ಹೋಗೂಕಿಂತ ಒಂಬತ್ತು ದಿನ ಮೊದಲ."

ಕೈ ನಿಂತಿತು. "ಒಂಬತ್ತು ದಿನ ಕೂಸು ಈ ಮನ್ಯಾಗೇ ಇತ್ತಲ್ರೀ. ನಾನೇ ನೀರ ಎರಿಯಾಕತ್ತಿದ್ದೆ."

ನಾನು ಹೌದು ಎಂದೆ. ಬೈದಿದ್ದರೆ, ಮೊರದಲ್ಲಿನ ಜೋಳ ಮುಖಕ್ಕೆ ಉಗ್ಗಿದ್ದರೆ ನಾನು ಹಗುರಾಗಿ ಬಸ್ಸು ಹತ್ತುತ್ತಿದ್ದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಪಾಕೀಟು ತೆಗೆದುಕೊಂಡಳು. ಫಿಲ್ಮಿನ ತುಂಡನ್ನು ಬಿಸಿಲಿಗೆ ಹಿಡಿದು ಆರನ್ನೂ ನೋಡಿದಳು, ಗಡ್ಡದವನನ್ನೂ ನೋಡಿದಳು. ಆಮೇಲೆ ಆ ಪಟ್ಟಿಯ ಫೋಟೋವನ್ನು ಪಾಕೀಟಿನಿಂದ ಹೊರಗೆ ತೆಗೆದಳು. ಬಹಳ ಹೊತ್ತು ನೋಡಿದಳು. ಒಳಗೆ ಅತ್ತೆ ಮಗ್ಗಲು ಬದಲಿಸಿದ ಸಪ್ಪಳವಾಯಿತು. ಆಕೆ ದನಿ ತಗ್ಗಿಸಿದಳು.

"ಇದು ಯಾರ ಕಾಲಂತ ಯಾರಿಗೂ ತಿಳಿಯಂಗಿಲ್ಲ. ಇದನ್ನ ಗ್ವಾಡಿಗೇ ಹಚ್ಚಬಹುದು. ಆ ಆರನ್ನಾದ್ರ ಟ್ರಂಕಿನ್ಯಾಗ ಬಚ್ಚಿಟ್ಟು ನೋಡಬೇಕಾಗ್ತಿತ್ತು."

ಅದು ಕ್ಷಮೆ ಎಂದು ತಿಳಿದುಕೊಳ್ಳುವಷ್ಟು ಮೂರ್ಖ ನಾನಲ್ಲ. ಆಕೆ ನನ್ನ ಜೊತೆ ಮಾತಾಡುತ್ತಲೂ ಇರಲಿಲ್ಲ, ಫೋಟೋದ ಜೊತೆ ಮಾತಾಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ಅಂದಿನಿಂದ ಹೆಂಡತಿ ಚೀಟಿಯ ಮೇಲೆ ಮುಗಿದದ್ದು, ಉಳಿದದ್ದು ಎರಡೂ ಬರೆಯತೊಡಗಿದಳು. ಕೆಲವೇ ವರ್ಷಕ್ಕೆ ರೋಲುಗಳೇ ನಿಂತವು.

ಇನ್ನು ಆ ಮನೆಯ ಮೆಟ್ಟಿಲು ಹತ್ತುವ ಪ್ರಸಂಗ ಬರದು ಎಂದುಕೊಂಡಿದ್ದೆ. ಆದರೆ ಆಕೆ ಪ್ರತಿ ಕಾರ್ಯಕ್ಕೂ ನನ್ನನ್ನೇ ಕರೆಸುತ್ತಾಳೆ, ಇಲ್ಲ ಎನ್ನುವ ಮುಖ ನನಗಿಲ್ಲ. ಕೆಲವು ವರ್ಷಗಳ ಮೇಲೆ ಅವರ ಹೊಸ ಮನೆಯ ಗೃಹಪ್ರವೇಶವಾಯಿತು. ಆಗ ನನ್ನ ಕೈಯಲ್ಲಿ ಡಿಜಿಟಲ್ ಕ್ಯಾಮೆರಾ ಇತ್ತು. ಸೊಲ್ಲಾಪುರದವರೂ ಬಂದಿದ್ದರು, ಜೊತೆಗೆ ಎಂಟು ವರ್ಷದ ಹುಡುಗಿ, ಎರಡು ಜಡೆ, ಮರಾಠಿ ಬೆರೆತ ಕನ್ನಡ. ಆ ಪಾದದ ಫೋಟೋ ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಯ ಮೇಲಿತ್ತು. ಹುಡುಗಿ ಅದರ ಮುಂದೆ ನಿಂತು, ಪಾದಕ್ಕೆ ಬೆರಳು ತೋರಿಸಿ ಕೇಳಿದಳು.

"ಕಾಕು, ಈ ಪಾಯ್ ಯಾರದು?"

ನೆಗೆಣ್ಣಿ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟಳು. ಅತ್ತೆ, ಅಣ್ಣ ತಮ್ಮಂದಿರು, ಎಲ್ಲರೂ ಕೈಯ ಕೆಲಸ ಬಿಟ್ಟು ಹುಡುಗಿಯ ಕಡೆ ತಿರುಗಿದರು. ಆ ತಾಯಿ ಮಾತ್ರ ಹೂವು ಕಟ್ಟುತ್ತಿದ್ದವಳು ತಲೆ ಎತ್ತದೆ, "ತಗದವರು ಇಲ್ಲೇ ನಿಂತಾರ ನೋಡು, ಅವರನ್ನ ಕೇಳು" ಎಂದಳು.

ಹುಡುಗಿ ನನ್ನ ಕಡೆ ತಿರುಗಿದಳು. ಅಲ್ಲಿದ್ದ ಹಿರಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಮೊದಲಿನ ಸುಳ್ಳು ಎಷ್ಟು ಸಲೀಸಾಗಿ ಬಂದಿತ್ತು. ಈ ಸಲ ಲೆನ್ಸಿನ ಮುಚ್ಚಳವನ್ನು ಎರಡು ಬಾರಿ ತೆಗೆದು ಹಾಕಿದೆ.

"ಅದು ಕೆಟ್ಟ ಫೋಟೋ ಅವ್ವಾ" ಎಂದೆ. "ರೋಲ್ ಹಾಳಾಗಿತ್ತು. ಯಾರದಂತ ನನಗ ನೆನಪಿಲ್ಲ."

"ಅವರಿಗೆಲ್ಲಿ ನೆನಪಿರ್ತದ" ಎಂದಳು ಆ ತಾಯಿ, ದಾರದ ಗಂಟು ಬಿಗಿಯುತ್ತ. "ಡಬ್ಬಿ ಮ್ಯಾಲ ಬರದಿಟ್ಟರೂ ಮರೀತಾರ."

ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ನಾನೂ ನಕ್ಕೆ. ಆಮೇಲೆ ಆಕೆ ಕಟ್ಟಿದ ಹೂವನ್ನು ಹುಡುಗಿಯ ಕೈಗೆ ಕೊಟ್ಟು, ನಿಮ್ಮ ಅವ್ವನ ಬಲ್ಲಿ ಹೋಗಿ ಮುಡಿಸಿಕೋ ಎಂದು ಕಳಿಸಿದಳು.